ಹುಳದ ಹಾಗೆ ಸಾಕಿದ ಡಬ್ಬಿ

ಹಾಡು ಹೇಳುತ್ತೆ, ಸಿನಿಮಾ ತೋರಿಸುತ್ತೆ, ಜ್ವರ ಬಂದರೆ ಗೋಣಿತಾಟು ಹೊದ್ದು ಮಲಗುತ್ತೆ. ಏನು ಹೇಳಿ? ಬಿಡಿ, ನಿಮ್ಮಿಂದ ಆಗಲ್ಲ. ಅದು ನಾನು ಮಾಡಿದ ಡಬ್ಬಿ.

ಹತ್ತನೇ ಕ್ಲಾಸಲ್ಲಿ ಡುಮ್ಕಿ ಹೊಡೆದ ಮೇಲೆ, ಅಂಗೈಯಗಲದ ಕಂಪ್ಯೂಟರ್ ಬೋರ್ಡನ್ನು ಡಬ್ಬಿಯೊಳಗೆ ಕೂರಿಸಿ, ಅದಕ್ಕೆ ಲಿನಕ್ಸ್ ತುಂಬಿ, ಎಂಥ ಹಳೇ ಟಿವಿಯಲ್ಲೂ ಸಿನಿಮಾ ಓಡೋ ಹಾಗೆ ಕೋಡ್ ಬರೆದಿದ್ದೆ. ಯಾರು ಬೇಕಾದರೂ ತಗೊಳ್ಳಲಿ ಅಂತ ನೆಟ್ಟಿಗೆ ಬಿಡೋದಿತ್ತು. ಅಲ್ಲೀತನಕ ಕೋಡಿನ ಒಂದೇ ಕಾಪಿ ಇದ್ದದ್ದು ಡಬ್ಬಿಯ ಮೆಮೊರಿ ಕಾರ್ಡಲ್ಲಿ.

ದಿನವಿಡೀ ಓಡುತ್ತಾ ನೋಡೋಣ ಅಂತ ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳ ಸಾಕೋ ನಾರಾಯಣಮ್ಮನ ಟಿವಿಗೆ ಡಬ್ಬಿ ಸಿಕ್ಕಿಸಿದೆ. ಬಾಯಿ ಸುಮ್ಮನಿರಲಿಲ್ಲ. "ಅಮ್ಮಾ, ಇದೂ ನಿಮ್ಮ ಹುಳದ ಹಾಗೇ. ಸೆಕೆ ಆದ್ರೆ ಸತ್ತೋಗುತ್ತೆ!"

ಸಂಜೆ ಹೋದರೆ ಟಿವಿ ಕಪ್ಪಗಿತ್ತು. ಡಬ್ಬಿ ಮೇಲೆ ಒದ್ದೆ ಗೋಣಿತಾಟು, ನೀರು ತೊಟ್ಟಿಕ್ಕುತ್ತಿತ್ತು.

"ಮೈ ಸುಡ್ತಿತ್ತು ಕಣಪ್ಪ. ಹುಳದ ಮನೆ ಕಿಟಕಿಗೆ ತಂಪಿಗಂತ ಕಟ್ಟಿದ್ದ ಒದ್ದೆ ತಾಟನ್ನೇ ಬಿಚ್ಚಿ ತಂದು ಹೊದಿಸ್ದೆ. ಆಗಾಗ ನೀರೂ ಚಿಮುಕಿಸ್ದೆ."

"ಅಯ್ಯೋ ಅಮ್ಮಾ, ತಮಾಷೆಗೆ ಹೇಳಿದ್ದು!"

"ಸಾಯೋ ವಿಷ್ಯದಲ್ಲಿ ತಮಾಷೆ ಮಾಡ್ತಾರೇನೋ ನಾಯ್ನಾ?"

ತನ್ನ ಹುಳಗಳನ್ನು ಸೆಕೆಯಲ್ಲಿ ಬಿಟ್ಟು ನನ್ನ ಡಬ್ಬಿಯನ್ನು ತಂಪು ಮಾಡಿದವಳಿಗೆ ಏನಂತ ಬೈಯಲಿ?

ಮನೆಗೆ ಬಂದು, ನೀರು ಹೀರಲಿ ಅಂತ ಕಾರ್ಡನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಕೋಡೆಲ್ಲ ಹಾಗೇ ಇತ್ತು. ನೆಟ್ಟಿಗೂ ಬಿಟ್ಟೆ, ನಾರಾಯಣಮ್ಮನ ಟಿವಿ ಮತ್ತೆ ಹಾಡಿತು.

ಸುಳ್ಳು. ಬೆಳಿಗ್ಗೆಯಿಂದ ಮುಂದಿನದೆಲ್ಲ ನಾನೇ ಕಟ್ಟಿದ ಕತೆ. ಕಾರ್ಡು ಬಾಯಿ ಬಿಡಲೇ ಇಲ್ಲ, ಕೋಡೆಲ್ಲ ಅದರೊಳಗೇ ಸತ್ತಿತು. ಆ ಅಕ್ಕಿ ಮಾತ್ರ ಅನ್ನವಾಯಿತು, ಅದನ್ನೇ ಉಂಡೆ.