ಪತ್ತೇದಾರಿ ತಿಂಗಳು ಲೈಬ್ರರಿಯಲ್ಲೇ ಮುಗಿಯಿತು

ಗೆಳತಿಯರೇ, ನೀವೇ ನ್ಯಾಯ ಹೇಳಿ. ಹೊಸ ವರ್ಷಕ್ಕೆ ತಿಂಗಳಿಗೊಂದು ಬಗೆಯ ಪುಸ್ತಕ ಓದಬೇಕೆಂದು ನಾವು ಹಾಕಿಕೊಂಡ ಸವಾಲಿನಲ್ಲಿ ಜನವರಿಗೆ ಪತ್ತೇದಾರಿ ಕಾದಂಬರಿ ಎಂದು ಗೊತ್ತುಮಾಡಿದ್ದೆವಲ್ಲ, ಅದಕ್ಕಾಗಿಯೇ ಇವತ್ತು ಕೊಟ್ಟೂರಿನ ಲೈಬ್ರರಿಗೆ ಹೋಗಿದ್ದೆ. ಅಲ್ಲಿನ ವೀರಬಸಪ್ಪನವರು ಟ್ರಾನ್ಸಿಸ್ಟರ್ ಸದ್ದು ತಗ್ಗಿಸಿ, ನಾನು ಆರಿಸಿದ ಪುಸ್ತಕಕ್ಕೆ ಮುದ್ರೆ ಒತ್ತುತ್ತಾ ಅಂದರು:

“ಚಲೋ ಐತ್ರಿ ಅಕ್ಕಾರ. ಕೊಲಿ ಮಾಡಿದಾಂವ ಡಾಕ್ಟರು.”

ನನಗೆ ಮೈಯೆಲ್ಲ ಉರಿದುಹೋಯಿತು. “ಯಾಕ್ರಿ ಹೇಳಿದ್ರಿ? ಇನ್ನ ನಾ ಏನ್ ಓದ್ಲಿ?”

“ಹೇಳದಿದ್ರ ನೀವು ಎಲ್ಲಾರ ಮ್ಯಾಲೂ ಸುಮ್ಮನ ಸಂಶಯ ಪಡ್ತೀರಿ. ಪಾಪ, ಆ ಅಡಿಗಿಯಾಂವ ಏನೂ ಮಾಡಿಲ್ರಿ.”

ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಸಮಾಧಾನ ಬೇರೆ! ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ಕಪಾಟಿನಿಂದ ಇನ್ನೊಂದು ಪತ್ತೇದಾರಿ ತಂದೆ. ರಕ್ಷಾಪುಟ ಕಂಡದ್ದೇ ತಡ, “ಇದ್ರಾಗ ಹೆಂಡ್ತಿ ಸತ್ತೇ ಇಲ್ರಿ, ಹುಬ್ಬಳ್ಳ್ಯಾಗ ಆರಾಮ ಅದಾಳ” ಅಂದರು.

ಪುಸ್ತಕ ಕಾಯಲು ಕೂರಿಸಿದವರೇ ಹೀಗೆ ಗುಟ್ಟನ್ನೆಲ್ಲ ಬಿಟ್ಟುಕೊಟ್ಟರೆ ಓದುವವರು ಎಲ್ಲಿಗೆ ಹೋಗಬೇಕು?

ನೀವು ಏನಾದರೂ ಓದಿಕೊಳ್ಳಿ. ಜನವರಿಗೆ ನಾನು ನಿಘಂಟು ತಂದಿದ್ದೇನೆ. ಅದರ ಕೊನೆಯಲ್ಲಿ ಏನಾಗುತ್ತದೆಂದು ಹೇಳಲಿ, ನೋಡೋಣ.