ಬಿಸಿಲ ನಾಡಿನ ಮಂಜುಗಡ್ಡೆ

ನಾನು ಸುಳ್ಳು ಹೇಳಿದೆ. ಕಲಿಸದ ಪಾಠವನ್ನು ಕಲಿಸಿದ್ದೇನೆ ಎಂದೆ. ಆ ಒಂದು ಮಾತಿಗೆ ಜುಗೂಳವೆಂಬ ಊರಿನ ಒಬ್ಬ ಹುಡುಗಿಯ ವಿಮಾನ ಹಾರಾಟ ನಿಂತುಹೋಯಿತು, ನನ್ನ ನೌಕರಿ ಉಳಿಯಿತು. ಇದನ್ನು ಸುತ್ತಿ ಬಳಸಿ ಹೇಳಲು ಎಷ್ಟೋ ಸಲ ಕೂತಿದ್ದೇನೆ — ಸಂದರ್ಭ ಹಾಗಿತ್ತು, ಮೇಲಿನವರ ಮುಖ ನೋಡಬೇಕಾಗಿತ್ತು, ಎಲ್ಲರೂ ಹಾಗೇ ಮಾಡುತ್ತಿದ್ದರು... ಎಲ್ಲವೂ ನಿಜವೇ. ಆದರೆ ಹೇಳಿದ ಬಾಯಿ ನನ್ನದು.

ನಾನು ನಿಪ್ಪಾಣಿಯವನು, ಗಾದಿ ಹೊಲಿಯುವವರ ಮನೆಯ ಮಗ. ಎಲ್ಲರೂ ಮನೆತನದ ಹೆಸರಿನಿಂದ ನದಾಫ ಎಂದೇ ಕರೆಯುತ್ತಾರೆ. ಅರಳೆಯ ಧೂಳಿನಲ್ಲಿ ಕೆಮ್ಮುತ್ತ ಬೆಳೆದವನಿಗೆ ಆಕಾಶದ ಹುಚ್ಚು ಹೇಗೆ ಹಿಡಿಯಿತೋ ಗೊತ್ತಿಲ್ಲ, ಹಿಡಿಯಿತು. ಪೈಲಟ್ ಲೈಸೆನ್ಸೂ ಕೈಗೆ ಬಂತು. ಕೆಲಸ ಮಾತ್ರ ಬರಲಿಲ್ಲ. ವಿಮಾನ ಕಂಪನಿಗಳ ಕರೆಗಾಗಿ ಕಾಯುತ್ತ, ಪಕ್ಕದ ರಾಜ್ಯದ ಒಂದು ಪೈಲಟ್ ತರಬೇತಿ ಶಾಲೆಯಲ್ಲಿ ಗ್ರೌಂಡ್ ಕ್ಲಾಸಿನ ಮಾಸ್ತರನಾದೆ. ಗ್ರೌಂಡ್ ಕ್ಲಾಸ್ ಎಂದರೆ ವಿಮಾನ ಏರುವ ಮೊದಲು ನೆಲದ ಮೇಲೆ ಕೂತು ಕಲಿಯುವುದು — ಹವಾಮಾನ, ದಿಕ್ಕು, ಇಂಜಿನ್ನು, ನಿಯಮ. ಅಲ್ಲಿ ಆ ಪಾಠ ಮಾಡುತ್ತಿದ್ದವರೆಲ್ಲ ನನ್ನಂತೆಯೇ ಬೇರೆಲ್ಲಿಗೋ ಹೋಗಲು ಕಾಯುತ್ತಿದ್ದವರು. ಬಸ್ ಸ್ಟ್ಯಾಂಡಿನಲ್ಲಿ ಕೂತವನಿಗೆ ಅಲ್ಲಿಯ ಬೆಂಚಿನ ಮೇಲೆ ಎಷ್ಟು ಪ್ರೀತಿ ಇರುತ್ತದೋ, ನಮಗೆ ಆ ಪಾಠದ ಮೇಲೆ ಅಷ್ಟೇ ಇತ್ತು.

ನಮ್ಮದೊಂದು ಪದ್ಧತಿ ಇತ್ತು. ಸರಕಾರಿ ಪರೀಕ್ಷೆಗೆ ಹೋಗುವ ಹುಡುಗರಿಗೆ ಮೊದಲೇ ಹಂಚಿ ಕೊಡುತ್ತಿದ್ದೆವು — ನೀನು ಮೊದಲಿನ ಪ್ರಶ್ನೆಗಳನ್ನು ನೆನಪಿಟ್ಟುಕೋ, ನೀನು ನಡುವಿನವು, ನೀನು ಕೊನೆಯವು. ಅವರು ಹೊರಬಂದ ಕೂಡಲೇ ಚಹಾ, ಬಟಾಟೆವಡಾ ಕೊಡಿಸಿ ಎಲ್ಲವನ್ನೂ ಬಾಯಿ ಬಿಡಿಸುವುದು. ಮುಂದಿನ ತಂಡಕ್ಕೆ ಅದೇ ಪಾಠ. ಪ್ರಶ್ನೆ ಓದು, ಎಷ್ಟನೆಯ ಉತ್ತರ ಸರಿ ಎಂದು ಹೇಳು, ಮುಂದೆ ಹೋಗು. ಫಲಿತಾಂಶ ಬಂದಾಗ ಪಾಸಾದವರ ಫೋಟೋಗಳು ಶಾಲೆಯ ಗೇಟಿಗೆ ದೊಡ್ಡದಾಗಿ ಏರುತ್ತಿದ್ದವು. ತಂದೆ-ತಾಯಂದಿರು ಅದನ್ನು ನೋಡಿಯೇ ಮಕ್ಕಳನ್ನು ಸೇರಿಸುತ್ತಿದ್ದರು. ನಾನೂ ಹಾಗೇ ಪಾಸಾದವನು. ಆದ್ದರಿಂದ ಉತ್ತರ ಗೊತ್ತಿತ್ತು, ಅದು ಯಾಕೆ ಉತ್ತರ ಎಂಬುದು... ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಅದು ನನಗೇ ಗೊತ್ತಿರಲಿಲ್ಲ.

ತ್ರಿಶಲಾ ಬಂದದ್ದು ಆಗ. ಜುಗೂಳದ ಜೈನರ ಮನೆಯ ಹುಡುಗಿ, ತಂದೆ ಬಾಳಾಸಾಹೇಬರದು ಕೃಷ್ಣಾ ನದಿಯ ದಂಡೆಗೆ ಕಬ್ಬಿನ ಹೊಲ. ಮೊದಲ ದಿನವೇ ನನ್ನೆದುರು ಬಂದು, ನೀವು ನಮ್ಮ ನಿಪ್ಪಾಣಿಯವರಂತಲ್ರಿ ಎಂದು ಮುಖ ಅರಳಿಸಿ ನಿಂತಳು. ನಾನು ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿ ಕಳಿಸಿದೆ. ಆ ಊರಲ್ಲಿ ನಾನು ನನ್ನ ಮಾತಿಗೆ ಇಸ್ತ್ರಿ ಮಾಡಿಕೊಂಡು ತಿರುಗುತ್ತಿದ್ದೆ. ಇವಳ 'ಐತಿ', 'ಬಂದೈತಿ' ಕೇಳಿದವರು ನನ್ನನ್ನೂ ಗಾದಿ ಅಂಗಡಿಯವನೆಂದು ಗುರುತಿಸಿಬಿಟ್ಟರೆ? ಊರ ಕಡೆಯವಳೆಂದು ಒಲವು ತೋರಿಸುತ್ತಾನೆ ಎಂದರೆ? ಈ ಭಯಕ್ಕೆ ಉಳಿದವರಿಗಿಂತ ಅವಳ ಮೇಲೆ ಹೆಚ್ಚು ಗುರುಗುಟ್ಟುತ್ತಿದ್ದೆ. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ.

ಒಂದು ದಿನ ಇಂಜಿನ್ ಪಾಠ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಯಾವಾಗ ಕಟ್ಟುತ್ತದೆ — ಮೂರನೆಯ ಉತ್ತರ — ಮುಂದೆ. ತ್ರಿಶಲಾ ಎದ್ದು ನಿಂತಳು. ಇಂಗ್ಲಿಷಿನಲ್ಲಿ ಶುರು ಮಾಡಿ, ಅರ್ಧಕ್ಕೆ ತಡವರಿಸಿ, ಕೊನೆಗೆ ನನ್ನ ಕಡೆ ನೋಡಿ ನಮ್ಮ ಮಾತಿಗೇ ಬಂದಳು.

"ಸರ್, ನಮ್ಮ ಅಪ್ಪನ ಗಾಡಿ ಕಾರ್ಬುರೇಟರ್ ಮಳಿಗಾಲದಾಗ ಹೊರಗಿಂದ ಬೆವರತೈತ್ರಿ. ಇಂಜಿನ್ ಸುಡಾಕತ್ತಿದ್ರೂ ಅದು ತಣ್ಣಗ ಇರತೈತಿ. ಇದೂ ಅದ ಏನ್ರಿ?"

ಹೌದು, ಅದೇ. ಅಷ್ಟೂ ಪಾಠ ಆ ಪ್ರಶ್ನೆಯೊಳಗಿತ್ತು. ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ಉಳಿದವರಿಗೆ ತಿಳಿಯಬಾರದಲ್ಲ — ನಕ್ಕುಬಿಟ್ಟೆ. ಈ ಬಿಸಿಲ ದೇಶದಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು, ನಿಮ್ಮೂರ ಮೋಟಾರ್ ಸೈಕಲ್ಲನ್ನು ಕ್ಲಾಸಿನೊಳಗೆ ತರಬೇಡ, ಮೂರನೆಯದಕ್ಕೆ ಗುರುತು ಹಾಕಿ ಕೂತುಕೋ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕ್ಲಾಸೆಲ್ಲ ನಕ್ಕಿತು. ಅವಳು ಕೂತಳು. ಆಮೇಲೆ ಒಂದು ದಿನವೂ ಪ್ರಶ್ನೆ ಕೇಳಲಿಲ್ಲ. ದಾರಿಗೆ ಬಂದಳು ಎಂದುಕೊಂಡು ನಾನು ಸಂತೋಷಪಟ್ಟೆ!

ಮಳೆಗಾಲ ಬಂತು. ರಾತ್ರಿಯೆಲ್ಲ ಮಳೆ ಸುರಿದು ಬೆಳಿಗ್ಗೆ ಬಿಸಿಲು ಬಿದ್ದ, ಮೈ ಅಂಟಂಟಾಗುವಂಥ ಒಂದು ದಿನ ತ್ರಿಶಲಾ ಒಬ್ಬಳೇ ಹಾರಲು ಹೋದಳು. ಮರಳಿ ಬರುವಾಗ, ಇಳಿಯಲೆಂದು ಇಂಜಿನ್ನಿನ ವೇಗ ತಗ್ಗಿಸಿದಾಗ, ಅದು ಏದುಸಿರು ಬಿಡತೊಡಗಿತು. ಅವಳಿಗೆ ಅಪ್ಪನ ಗಾಡಿ ನೆನಪಾಗಿರಬೇಕು. ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಹಿಡಿಕೆಯನ್ನು ಎಳೆದಳು. ಇಂಜಿನ್ ಸರಿಹೋಗುವ ಬದಲು ಇನ್ನಷ್ಟು ಗಡಗಡ ನಡುಗಿತು. ತಪ್ಪು ಮಾಡಿದೆನೆಂದು ಗಾಬರಿಯಾಗಿ ಹಿಡಿಕೆಯನ್ನು ಹಿಂದಕ್ಕೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಇಂಜಿನ್ ನಿಂತೇಹೋಯಿತು. ಸೋಯಾಬೀನ್ ಹೊಲವೊಂದರಲ್ಲಿ ಇಳಿಸಿದಳು. ವಿಮಾನದ ಮುಂದಿನ ಗಾಲಿ ಮುರಿಯಿತು, ಅವಳ ಎಡಗೈ ಮುರಿಯಿತು. ಜೀವ ಉಳಿಯಿತು — ಅದು ಅವಳ ಕೈಚಳಕ, ನನ್ನ ಪಾಠದ್ದಲ್ಲ.

ಯಾಕೆ ಹಾಗಾಯಿತು ಎಂಬುದನ್ನು ಈಗ ಹೇಳುತ್ತೇನೆ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಹೊರಗೆ ಬಿಸಿಲಿದ್ದರೂ, ಕಾರ್ಬುರೇಟರಿನ ಕಿರಿದಾದ ಕೊರಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬಿಸಿಗಾಳಿ ಬಿಟ್ಟರೆ ಅದು ಕರಗುತ್ತದೆ. ಕರಗಿದ ನೀರು ಇಂಜಿನ್ನಿನೊಳಗೆ ಹೋಗುವಾಗ ಮೊದಲು ನಡುಕ ಹೆಚ್ಚುತ್ತದೆ, ಆಮೇಲೆ ಸರಿಯಾಗುತ್ತದೆ. ಹಿಡಿಕೆಯನ್ನು ಹಿಡಿದುಕೊಂಡೇ ಇರಬೇಕು, ಅಷ್ಟೇ. ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಪಾಠ.

ಶಾಲೆಯವರು ವಿಚಾರಣೆಗೆ ಕೂತರು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ತ್ರಿಶಲಾ ಒಂದು ಬದಿಗೆ, ನಾನೊಂದು ಬದಿಗೆ. ಮೊದಲು ನಡುಗುತ್ತದೆ ಎಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಅವಳು ಹೇಳಿದ್ದಳು. ಶಾಲೆಯ ಮುಖ್ಯಸ್ಥರು ನನ್ನ ಕಡೆ ತಿರುಗಿ, ಇದನ್ನು ನೀವು ಕಲಿಸಿದ್ದಿರಾ ಎಂದು ಕೇಳಿದರು.

"ಕಲಿಸಿದ್ದೇನೆ ಸರ್. ಅವಳಿಗೆ ಲಕ್ಷ್ಯ ಇರಲಿಲ್ಲ."

ತ್ರಿಶಲಾ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಏನನ್ನೋ ನೆನಪಿಸಿಕೊಳ್ಳಲು ಹೆಣಗುವವಳಂತೆ ಹುಬ್ಬು ಗಂಟಿಕ್ಕಿ ನೋಡಿದಳು. ನಿರ್ಲಕ್ಷ್ಯದ ಕಾರಣ ಕೊಟ್ಟು ಅವಳನ್ನು ತೆಗೆದುಹಾಕಿದರು. ಕರೆದೊಯ್ಯಲು ಬಂದ ಬಾಳಾಸಾಹೇಬರು ನನ್ನನ್ನು ಹುಡುಕಿಕೊಂಡು ಬಂದು ಕೈಮುಗಿದರು. ನಿಮ್ಮಂಥಾ ನಮ್ಮ ಕಡೆಯವರು ಕಲಿಸಿದರೂ ಹುಡುಗಿಗೆ ಹತ್ತಲಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ನಾನು ಆ ನಮಸ್ಕಾರವನ್ನೂ ತೆಗೆದುಕೊಂಡೆ.

ಆಮೇಲೆ ಓದಿದೆ. ಪಶ್ಚಾತ್ತಾಪಕ್ಕಲ್ಲ, ಭಯಕ್ಕೆ — ಇನ್ನೊಮ್ಮೆ ಯಾರಾದರೂ ಕೇಳಿದರೆ ಎಂಬ ಭಯಕ್ಕೆ. ಮುಂದಿನ ತಂಡಕ್ಕೆ ಆ ಪಾಠವನ್ನು ಬಿಡಿಸಿ ಹೇಳಿದೆ. ಮರುವರ್ಷ ಮಳೆಗಾಲದಲ್ಲಿ ಆ ತಂಡದವನೊಬ್ಬ ವಿಮಾನ ಇಳಿಸಿ ಓಡಿಬಂದು ನನ್ನ ಕೈ ಹಿಡಿದ. ಇಂಜಿನ್ ನಡುಗಿತು ಸರ್, ನೀವು ಹೇಳಿದಂತೆ ಹಿಡಿದುಕೊಂಡೇ ಇದ್ದೆ, ನಿಮ್ಮಿಂದ ಉಳಿದೆ ಎಂದ. ಆ ಕೃತಜ್ಞತೆ ನನಗೆ ಸೇರಿದ್ದಲ್ಲ. ಅವಳ ಮುರಿದ ಕೈಯಿಂದ ನಾನು ಕಲಿತದ್ದು ಇವನನ್ನು ಉಳಿಸಿತ್ತು. ಖಾಲಿ ಕ್ಲಾಸಿನಲ್ಲಿ ಕೂತು ಅತ್ತೆ.

ಆ ದಿನವೇ ಮುಖ್ಯಸ್ಥರಿಗೆ ಹೇಳಿದೆ. ಮುಗಿದ ಮಾತನ್ನು ಯಾಕೆ ಕೆದಕುತ್ತೀರಿ ಎಂದರು. ಬರೆದುಕೊಟ್ಟೆ. ತಿಂಗಳು ತುಂಬುವುದರೊಳಗೆ ನನ್ನನ್ನು ಮನೆಗೆ ಕಳಿಸಿದರು. ಆದರೆ ತ್ರಿಶಲಾಳ ಹೆಸರಿನ ಮೇಲಿನ ಕಲೆಯನ್ನು ಅಳಿಸಲಿಲ್ಲ.

ಚಿಕ್ಕೋಡಿಗೆ ಬಂದು ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಗ್ರೌಂಡ್ ಕ್ಲಾಸ್ ಶುರು ಮಾಡಿದೆ. ರಾಯಬಾಗ, ಅಥಣಿಯಿಂದಲೂ ಬರುತ್ತಾರೆ. ಕನ್ನಡದಲ್ಲಿ ಹೇಳುತ್ತೇನೆ, ಬೇಕಾದರೆ ಮರಾಠಿಯಲ್ಲೂ, ಆಮೇಲೆ ಇಂಗ್ಲಿಷಿಗೆ ದಾಟಿಸುತ್ತೇನೆ. ಯಾಕೆ ಎಂಬುದು ತಿಳಿಯುವ ಮೊದಲು ಹಳೆಯ ಪ್ರಶ್ನೆಗಳನ್ನು ಮುಟ್ಟಲು ಬಿಡುವುದಿಲ್ಲ. ಅಲಖನೂರದ ಹುಡುಗಿಯೊಬ್ಬಳಿದ್ದಾಳೆ, ಉಸಿರಾಡಿದಷ್ಟು ಸಲ 'ಯಾಕ್ರಿ ಸರ್' ಎನ್ನುತ್ತಾಳೆ. ಸಿಟ್ಟು ಈಗಲೂ ಬರುತ್ತದೆ, ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಮೊದಮೊದಲು ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಈಗ ಸರಾಗವಾಗಿ ಬರುತ್ತದೆ.

ಇಷ್ಟೆಲ್ಲ ಮಾಡಿದೆ. ಮಾಡಬೇಕಾದದ್ದನ್ನು ಮಾತ್ರ ಮಾಡಲಿಲ್ಲ. ಚಿಕ್ಕೋಡಿಯಿಂದ ಜುಗೂಳವೇನು ದೂರವಲ್ಲ. ಎಷ್ಟೋ ಸಲ ಅದರ ಹತ್ತಿರದ ಕಾಗವಾಡದವರೆಗೆ ಹೋಗಿ, ಏನೋ ಕೆಲಸವಿದ್ದವನಂತೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಮರಳಿ ಬಂದಿದ್ದೇನೆ. ಹೋದ ಮಳೆಗಾಲದಲ್ಲಿ ಕೊನೆಗೂ ಅವರ ಮನೆಗೆ ಹೋದೆ.

ತ್ರಿಶಲಾ ಕಾಗವಾಡದ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದಳು, ರಜೆಯ ದಿನವಾದ್ದರಿಂದ ಮನೆಯಲ್ಲಿದ್ದಳು. ತಂದೆ-ಮಗಳ ಎದುರಿಗೆ ಕೂತು ಒಂದನ್ನೂ ಬಿಡದೆ ಹೇಳಿದೆ. ಬಾಳಾಸಾಹೇಬರು ಎದ್ದು ಒಳಗೆ ಹೋದರು. ತ್ರಿಶಲಾ ತನ್ನ ಎಡಗೈಯನ್ನು ನೋಡಿಕೊಂಡಳು.

"ಇಷ್ಟ ವರ್ಷ ನಂದ ತಪ್ಪು ಅಂತ ತಿಳಕೊಂಡಿದ್ನಿ ಸರ್," ಎಂದಳು. "ನೀವು ಹೇಳೇ ಇರತೀರಿ, ನನಗ ಲಕ್ಷ್ಯ ಇರಲಿಲ್ಲೇನೋ ಅಂತ. ಆ ಕ್ಲಾಸ್ ನೆನಸಿ ನೆನಸಿ ತಲಿ ಕೆಡಿಸ್ಕೊಂಡೀನಿ."

ಹಾರಾಟವನ್ನಷ್ಟೇ ಕಸಿದುಕೊಂಡೆ ಎಂದುಕೊಂಡಿದ್ದೆ. ಅವಳ ನೆನಪಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೂ ಕಸಿದುಕೊಂಡಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದೆ. ಅದನ್ನು ಆಮೇಲೆ ನೋಡೋಣ, ಮೊದಲು ಆ ಪಾಠ ಹೇಳಿ ಎಂದು ಅವಳು ಎದ್ದು ನಿಂತಳು.

ಅಂಗಳದ ಚಪ್ಪರದ ಕೆಳಗೆ ಬಾಳಾಸಾಹೇಬರ ಹಳೆಯ ಮೋಟಾರ್ ಸೈಕಲ್ಲು ಇನ್ನೂ ಇತ್ತು. ಒದ್ದು ಶುರು ಮಾಡಿ ಸ್ವಲ್ಪ ಹೊತ್ತು ಬಿಟ್ಟೆವು. ಹೊರಗೆ ಜಿಟಿಜಿಟಿ ಮಳೆ. ಇಂಜಿನ್ ಕಾದಿತ್ತು, ಕಾರ್ಬುರೇಟರಿನ ಮೇಲೆ ಸಣ್ಣ ಸಣ್ಣ ಹನಿಗಳು ಕೂತಿದ್ದವು. ಬೆರಳಿಂದ ಮುಟ್ಟಿಸಿ, ನಮ್ಮ ಮಾತಿನಲ್ಲೇ, ಮೊದಲಿನಿಂದ ಹೇಳಿದೆ. ಅವಳು ನಡುನಡುವೆ ತಡೆದು ಕೇಳಿದಳು. ಒಂದಕ್ಕೆ ಉತ್ತರ ಬರಲಿಲ್ಲ. ಗೊತ್ತಿಲ್ಲ, ಓದಿ ಹೇಳ್ತೀನಿ ಎಂದೆ. ಅವಳು ನಕ್ಕಳು. ಬಾಳಾಸಾಹೇಬರು ಒಳಗಿನಿಂದ ಚಹಾ ತಂದು ನನ್ನ ಕೈಗೇ ಕೊಟ್ಟು, ಮುಖ ತಿರುಗಿಸಿ ಒಳಗೆ ಹೋದರು. ಈಗಲೂ ಅವರು ನನ್ನೊಡನೆ ಅಷ್ಟಕ್ಕಷ್ಟೇ. ಅದು ಸರಿಯಾಗಿಯೇ ಇದೆ.

ಮತ್ತೆ ಹಾರಬೇಕೆಂದು ತ್ರಿಶಲಾ ಬೇರೊಂದು ಶಾಲೆಗೆ ಅರ್ಜಿ ಹಾಕಿದಳು. ಅವರು ಹಳೆಯ ಶಾಲೆಯನ್ನು ವಿಚಾರಿಸಿದರು. ನಿರ್ಲಕ್ಷ್ಯದಿಂದ ವಿಮಾನ ಕೆಡಿಸಿದವಳು ಎಂಬ ಉತ್ತರ ಬಂತು. ಆದ್ದರಿಂದ ಹೋದ ವಾರ ನಾನೂ ಅವಳ ಜೊತೆ ಆ ಹೊಸ ಶಾಲೆಗೆ ಹೋದೆ. ಅಂದಿನ ವಿಚಾರಣೆಯ ಹಾಗೆಯೇ ಒಂದು ಕೋಣೆ, ಮೇಜಿನ ಆಚೆ ಹಾಗೆಯೇ ಕೂತವರು. ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಕೇಳಿಸಿಕೊಂಡ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು — ಇದನ್ನು ನೀವು ಕಲಿಸಿದ್ದಿರಾ?

ಉತ್ತರ ಸಿದ್ಧವಾಗಿತ್ತು, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದೆ. ಆದರೂ ಕೈ ನಡುಗತೊಡಗಿತು. ಇಲ್ಲ ಎಂದರೆ ನಾಳೆ ಚಿಕ್ಕೋಡಿಯಲ್ಲಿ ನನ್ನ ಕ್ಲಾಸಿಗೆ ಯಾರು ಮಕ್ಕಳನ್ನು ಕಳಿಸುತ್ತಾರೆ... ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿದ್ದ ತ್ರಿಶಲಾ ನನಗಷ್ಟೇ ಕೇಳುವಂತೆ ಹೇಳಿದಳು:

"ಹಿಡಕೊಂಡ ಇರ್ರಿ ಸರ್. ಮೊದಲ ನಡಗತೈತಿ."

"ಇಲ್ಲ," ಎಂದೆ. "ನಾನು ಕಲಿಸಿರಲಿಲ್ಲ. ಇವಳು ಕೇಳಿದ್ದಳು, ನಾನು ನಕ್ಕಿದ್ದೆ."

ಅವರು ಬರೆದುಕೊಂಡರು, ಅವಳನ್ನು ಸೇರಿಸಿಕೊಂಡರು. ಬರುವ ತಿಂಗಳಿನಿಂದ ಅವಳ ಕ್ಲಾಸು ಶುರುವಾಗುತ್ತದೆ. ನನ್ನ ಕ್ಲಾಸಿಗೆ ಎಷ್ಟು ಮಂದಿ ಉಳಿಯುತ್ತಾರೋ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಎಂದಿನಂತೆ ಬಾಗಿಲು ತೆರೆಯುತ್ತೇನೆ, ಬಂದವರಿಗೆ ಪಾಠಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.