ಶುಕ್ರವಾರ ನಿಂತುಹೋಗುತ್ತಿದ್ದ ಹಾಡು

ನಾನು ಇವತ್ತಿಗೂ ಮೈಕಿನ ಮುಂದೆ ಕೂತಿದ್ದರೆ ಅದು ಆ ರಿಪೇರಿಯವರ ಪುಣ್ಯ. ನಮ್ಮ ಹೊಳೆನರಸೀಪುರದ ಪುಟ್ಟ ರೇಡಿಯೊ ಕೇಂದ್ರದ ಕಂಪ್ಯೂಟರ್ ಕೆಟ್ಟರೆ ಚನ್ನರಾಯಪಟ್ಟಣದಿಂದ ಬೈಕಿನಲ್ಲಿ ಬರುವರು. ಹೆಲ್ಮೆಟ್ ಪಕ್ಕಕ್ಕಿಟ್ಟು, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ವೈರು ಮುಟ್ಟಿ ನೋಡುವರು. "ಯಾರ್ನೂ ಬೈಬ್ಯಾಡಿ ಸಾ, ಮೊದ್ಲು ಮಿಷಿನ್ನ ಕೇಳಾವ" ಅನ್ನುವುದು ಅವರ ಮಾತು.

ಒಂದು ಕಾಲದಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಹಾಡು ಹಾಕುವ ಸಾಫ್ಟ್‌ವೇರ್ ನಡುವೆಯೇ ನಿಂತು ರೇಡಿಯೊ ಮೂಕವಾಗುತ್ತಿತ್ತು. ಉದ್ಘೋಷಕಿ ನಾನೇ ಏನೋ ಒತ್ತಿ ಕೆಡಿಸುತ್ತೇನೆಂದು ಮ್ಯಾನೇಜರರು ಕೂಗಾಡಿ, ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ ಅಂದಿದ್ದರು.

ಮುಂದಿನ ಶುಕ್ರವಾರ ಹಾಡು ಹೇಗೆ ನಿಲ್ಲುತ್ತದೆಂದು ನೋಡಲು ರಿಪೇರಿಯವರು ಬೆಳಿಗ್ಗೆಯೇ ಬಂದು ಮೂಲೆಯಲ್ಲಿ ಕೂತರು. ಮ್ಯಾನೇಜರರು ಎಂದಿನಂತೆ ಶುಕ್ರವಾರದ ಪೂಜೆಗೆ ನಿಂತು, ಲಕ್ಷ್ಮಿ ಪಟದ ಸೀರಿಯಲ್ ಲೈಟಿಗೆಂದು ಗೋಡೆಯ ಒಂದು ಪ್ಲಗ್ ಕಿತ್ತರು. ಅದು ಕಂಪ್ಯೂಟರುಗಳನ್ನು ಜೋಡಿಸುವ ಡಬ್ಬಿಯದು. ಹಾಡುಗಳೆಲ್ಲ ಇದ್ದದ್ದು ಆಚೆ ಕೋಣೆಯ ಕಂಪ್ಯೂಟರಿನಲ್ಲಿ, ನನ್ನ ಕಂಪ್ಯೂಟರಿಗೆ ಬರುತ್ತಿದ್ದದ್ದು ಆ ಡಬ್ಬಿಯ ಮೂಲಕ. ಹಾಡು ನಿಂತಿತು.

"ನೋಡಿ, ಮತ್ತೆ ಇವಳೇ!" ಎಂದು ಮ್ಯಾನೇಜರರು ಆರತಿ ತಟ್ಟೆ ಹಿಡಿದುಕೊಂಡೇ ಓಡಿಬಂದರು.

ರಿಪೇರಿಯವರು ನಗಲಿಲ್ಲ. ಬ್ಯಾಗಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು ಲಕ್ಷ್ಮಿಗೂ ಡಬ್ಬಿಗೂ ಜಾಗ ಮಾಡಿಕೊಟ್ಟರು. ಹಾಡು ಬಂತು.

"ಪ್ಲಗ್ ಸಾಲ್ತಿರ್ಲಿಲ್ಲ ಸಾ, ಅಷ್ಟೇಯ. ಎಲ್ಲಿ, ಮಂಗ್ಳಾರ್ತಿ ಕೊಡಿ."

ಮ್ಯಾನೇಜರರು ಗೋಡೆ ನೋಡಿದರು, ಬೋರ್ಡು ನೋಡಿದರು. ಆಮೇಲೆ ತಟ್ಟೆಯನ್ನು ಮೊದಲು ನನ್ನ ಮುಂದೆ ಹಿಡಿದರು.